ಆ ದಿನ ಕ್ಲಿನಿಕ್‌ನಲ್ಲಿ ಸಿಕ್ಕಿದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳೋಕೂ ಆಗಲಿಲ್ಲ. ನಮ್ಮ ಮುದುಕ ನಾಯಿ ಕತ್ತು ವಾಲಿಸಿಕೊಂಡು ನಿಂತಲ್ಲೇ ಉರುಳಿ ಬೀಳುತ್ತಿದ್ದಾಗ ಲಕ್ವನೇ ಹೊಡೆದಿದೆ ಅಂತ ಅಳುತ್ತಿದ್ದೆ. ನೀವು ಅವನನ್ನು ಬೆಡ್‌ಶೀಟಿನಲ್ಲಿ ಎತ್ತಲು ಕೈಜೋಡಿಸಿದಿರಿ, ಕಣ್ಣುಗುಡ್ಡೆ ಪಟಪಟ ಅಂತ ಪಕ್ಕಕ್ಕೆ ಓಡುತ್ತಿದ್ದದ್ದನ್ನು ತೋರಿಸಿ, "ಇದನ್ನ ಡಾಕ್ಟರಿಗೆ ಹೇಳು, ನಮ್ಮ ಹೆಣ್ಣುನಾಯಿಗೂ ಹೀಗೇ ಆಗಿತ್ತು, ಎದ್ದು ಓಡಾಡಿದಳು" ಅಂದಿರಿ. ಡಾಕ್ಟರೂ ಪರೀಕ್ಷೆ ಮಾಡಿ ಅದನ್ನೇ ಹೇಳಿದರು: ವಯಸ್ಸಾದ ನಾಯಿಗಳಿಗೆ ಇದ್ದಕ್ಕಿದ್ದಂತೆ ಸಮತೋಲನ ತಪ್ಪುವ ವೆಸ್ಟಿಬ್ಯುಲರ್ ತೊಂದರೆ, ನೋಡೋಕೆ ಲಕ್ವದ ಥರಾನೇ, ಆದರೆ ಸಾಮಾನ್ಯವಾಗಿ 2-3 ದಿನದಲ್ಲಿ ಇಳಿಯತೊಡಗಿ 2-3 ವಾರದಲ್ಲಿ ಸರಿಹೋಗುತ್ತದೆ. ವಾಂತಿಗೆ ಔಷಧಿ, ಜಾರದ ನೆಲ, ಕೈತುತ್ತು. ಅಷ್ಟೇ. ತಲೆ ಸ್ವಲ್ಪ ಓರೆ ಉಳಿದಿದೆ, ನಮ್ಮನ್ನೆಲ್ಲ ಅನುಮಾನದಿಂದ ನೋಡುವ ಹಾಗೆ (ಅವನಿಗೆ ಒಪ್ಪುತ್ತದೆ ಬಿಡಿ). ಊಟಕ್ಕೆ ಮಾತ್ರ ನೇರ ಓಡುತ್ತಾನೆ. ತುಂಬಾ ಥ್ಯಾಂಕ್ಸ್ ಅಕ್ಕಾ.