ಸಹಿ ಹಾಕೋ ಮುಂಚೆ

ಪ್ರೀತಿಯ ಮಗಳೇ,

ಸೋಮವಾರ ನೀನು ಬೆಳಗಾವಿಯ ಉದ್ಯಮಬಾಗ್‌ನ ಕಾರ್ಖಾನೆಯಲ್ಲಿ ಡ್ಯೂಟಿಗೆ ಹಾಜರಾಗುತ್ತೀಯ. ಅದೂ ಕ್ವಾಲಿಟಿ ವಿಭಾಗಕ್ಕೆ! ಅಲ್ಲೇ ಲೇಥ್ ಮುಂದೆ ನಿಂತು ದುಡಿದು ನಿನ್ನನ್ನು ಓದಿಸಿದವನು ನಾನು. ತುಂಬಾ ಖುಷಿಯಾಗಿದೆ. ಇಲ್ಲಿ ಬಾಗಲಕೋಟೆಯಲ್ಲಿ ನಿಮ್ಮವ್ವನಿಗೆ ನಿನ್ನ ಊಟದ ಚಿಂತೆ. ನನಗೆ ನಿನ್ನ ಸಹಿಯದೇ ಚಿಂತೆ.

ಮೊದಲ ದಿನ ಒಂದು ಕಟ್ಟು ಕಾಗದ ಮುಂದಿಡುತ್ತಾರೆ. "ಎಲ್ಲರೂ ಹಾಕ್ತಾರೆ, ಹಾಕಮ್ಮಾ" ಅನ್ನುತ್ತಾರೆ. ಓದದೆ ಹಾಕಬೇಡ. ಪ್ರೊಬೇಷನ್ ಎಷ್ಟು ತಿಂಗಳು, ಕೆಲಸ ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ಬಾಂಡ್ ಇದೆಯಾ, ಇಷ್ಟು ನೋಡು. ಒಂದು ಪ್ರತಿ ಕೇಳಿ ಇಟ್ಟುಕೋ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸು, ಆದರೆ ಅಲ್ಲಿ ಬಿಟ್ಟು ಬರಬೇಡ. ಝೆರಾಕ್ಸ್ ಸಾಕು.

ಪಿಎಫ್ ಫಾರ್ಮ್‌ನಲ್ಲಿ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ. ಒಂದಕ್ಷರ ತಪ್ಪಿದರೂ ಮುಂದೆ ಅಲೆದಾಟ. ಬೇಸಿಕ್ 15,000 ಇದ್ದರೆ ನಿನ್ನ ಪಗಾರದಲ್ಲಿ 12 ಪರ್ಸೆಂಟ್, ಅಂದರೆ 1,800 ರೂಪಾಯಿ ಕಟ್ ಆಗುತ್ತದೆ. ಕಂಪನಿಯೂ ಅಷ್ಟೇ ಹಾಕಬೇಕು. ಅದರಲ್ಲಿ 1,250 ಪಿಂಚಣಿಗೆ, 550 ನಿನ್ನ ಪಿಎಫ್‌ಗೆ. ಮುಂದೆ ಕೆಲಸ ಬದಲಾದರೂ ಯುಎಎನ್, ಅಂದರೆ ನಿನ್ನ ಪಿಎಫ್ ನಂಬರ್, ಅದೇ ಇರುತ್ತದೆ. ಕಟ್ ಆದ ದುಡ್ಡು ಜಮಾ ಆಯ್ತಾ ಅಂತ ಉಮಂಗ್ ಆಪ್‌ನಲ್ಲಿ ನೋಡುತ್ತಿರು.

ಇನ್ನು ಇನ್‌ಸ್ಪೆಕ್ಷನ್ ರಿಪೋರ್ಟ್. ನೀನೇ ಅಳೆಯದ ಜಾಬ್‌ಗೆ, ಅಂದರೆ ಮಷೀನ್‌ನಲ್ಲಿ ತಯಾರಾದ ಭಾಗಕ್ಕೆ, ಸಹಿ ಹಾಕಲೇಬೇಡ. ಶಿಫ್ಟ್ ಮುಗಿಯುವ ಹೊತ್ತು, ಗೇಟಿನಲ್ಲಿ ಗಾಡಿ ನಿಂತಿರುತ್ತದೆ. "ಸೆಟ್ಟಿಂಗ್ ಅದೇ ಇದೆ, ನಿನ್ನೆಯದೇ ರೀಡಿಂಗ್ ಬರಿ" ಅನ್ನುತ್ತಾರೆ. ಬರೀಬೇಡ. ಒಂದೇ ದಿನದಲ್ಲಿ ಟೂಲ್ ಸವೆದಿರಬಹುದು, ಯಾರೋ ಅದರ ತುದಿಯಲ್ಲಿ ಕತ್ತರಿಸುವ ಇನ್ಸರ್ಟ್ ಬದಲಿಸಿರಬಹುದು.

ಅಳೆಯುವ ಮೊದಲು ಮೈಕ್ರೋಮೀಟರಿನ ಬಾಯಿ ಒರೆಸಿ ಝೀರೋ ನೋಡು. ಕ್ಯಾಲಿಬ್ರೇಷನ್ ಸ್ಟಿಕರ್ ಮೇಲಿನ ತಾರೀಖು ನೋಡು. ಮಷೀನ್‌ನಿಂದ ಈಗಷ್ಟೇ ಇಳಿಸಿದ ಬಿಸಿ ಜಾಬ್ ಹಿಗ್ಗಿರುತ್ತದೆ. 100 ಎಂಎಂ ದಪ್ಪದ ಉಕ್ಕಿನ ಶಾಫ್ಟ್ 10 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 11 ಮೈಕ್ರಾನ್ (ಎಂಎಂನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಹೆಚ್ಚು ತೋರಿಸುತ್ತದೆ. ಡ್ರಾಯಿಂಗ್‌ನಲ್ಲಿ ಕೊಟ್ಟ ಟಾಲರೆನ್ಸ್, ಅಂದರೆ ಅಳತೆ ಹೆಚ್ಚುಕಡಿಮೆ ಆಗಲು ಬಿಟ್ಟ ಜಾಗವೇ, 20 ಮೈಕ್ರಾನ್ ಆಗಿದ್ದರೆ? ಬಿಸಿಯಲ್ಲಿ ಪಾಸಾದದ್ದು ತಣ್ಣಗಾದ ಮೇಲೆ ಅಳತೆಗಿಂತ ಸಣ್ಣ, ಅಂಡರ್‌ಸೈಜ್ ಆಗಬಹುದು. ಅದರ ಮೇಲೆ ಬೇರಿಂಗ್ ಸಡಿಲ ಕೂರುತ್ತದೆ. ಅದೆಲ್ಲೋ ಯಾರದೋ ಮಷೀನ್ ಕೆಟ್ಟು ನಿಂತಾಗ ರಿಪೋರ್ಟ್‌ನಲ್ಲಿ ಕಾಣುವುದು ನಿನ್ನ ಹೆಸರು.

ಹಳೆಯ ಆಪರೇಟರ್‌ಗಳನ್ನು ಕಾಕಾ ಅಂತಲೇ ಕರಿ. ಸದ್ದು ಕೇಳಿಯೇ ಇನ್ಸರ್ಟ್ ಹೋಯ್ತು ಅಂತ ಹೇಳುವವರು ಅವರು. ಕೆಲವರ ಮನೆಮಾತು ಮರಾಠಿ, ನೀನೂ ನಾಲ್ಕು ಮಾತು ಕಲಿ. ಜಾಬ್ ರಿಜೆಕ್ಟ್ ಮಾಡಬೇಕಾದಾಗ ಎಲ್ಲರ ಮುಂದೆ ಜೋರು ಮಾಡಬೇಡ. ಜಾಬ್, ಮೈಕ್ರೋಮೀಟರ್ ಎರಡೂ ಅವರ ಕೈಗೆ ಕೊಟ್ಟು, "ಕಾಕಾ, ನೀವೇ ಒಮ್ಮೆ ನೋಡಿ" ಅನ್ನು. ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು.

ಮೇಲಿನವರೇ ಒತ್ತಾಯ ಮಾಡಿದರೆ ಹೆದರಬೇಡ, ಜಗಳಕ್ಕೂ ಹೋಗಬೇಡ. ಸ್ವಲ್ಪ ಹೆಚ್ಚುಕಡಿಮೆ ಇರುವ ಮಾಲು ಕಳಿಸಲೇಬೇಕು ಅಂದರೆ ಅದಕ್ಕೆ ಡಿವಿಯೇಷನ್ ನೋಟ್ ಅಂತ ದಾರಿಯಿದೆ. ಅಧಿಕಾರ ಇದ್ದವರು ಅದಕ್ಕೆ ಸಹಿ ಹಾಕಲಿ. ನೀನು ಬಂದ ರೀಡಿಂಗ್ ಮಾತ್ರ ಬರಿ. ಇದೇ ಕಾರಣಕ್ಕೆ ಕೆಲಸ ಹೋದರೂ ಮನೆಗೆ ಬಾ, ನಾನು ಒಂದು ಮಾತೂ ಅನ್ನುವುದಿಲ್ಲ.

ಮೊದಲ ಪಗಾರದ ಸ್ಲಿಪ್ ಬಂದ ಕೂಡಲೇ ಫೋಟೋ ಕಳಿಸು. ಏನೇನು ಕಟ್ ಆಗಿದೆ ಅಂತ ಫೋನಿನಲ್ಲೇ ಇಬ್ಬರೂ ನೋಡೋಣ.

ನಿನ್ನ ಅಪ್ಪ