ಅಪ್ಪನವರ ನೀರಿನ ಕ್ಯಾನಿನ ವಿಚಾರವಾಗಿ ಅಣ್ಣನವರಿಗೆ

ಲಿವರ್‌ಪೂಲ್
ನವೆಂಬರ್ 2025

ತೀರ್ಥರೂಪ ಸಮಾನರಾದ ಅಣ್ಣನವರಿಗೆ ನಿಮ್ಮ ತಂಗಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅವ್ವ, ದೊಡ್ಡವ್ವ, ವೈನಿ ಮತ್ತು ಮಕ್ಕಳು ಕ್ಷೇಮವೆಂದು ತಿಳಿದು ಸಮಾಧಾನವಾಯಿತು.

ನಿಮ್ಮ ಪತ್ರ ಓದಿದಾಗಿನಿಂದ ಅಪ್ಪನವರದೇ ಯೋಚನೆಯಾಗಿದೆ. ಮೂತ್ರಪಿಂಡದ ಹರಳಿನ ನೋವು ಮತ್ತೆ ಕಾಣಿಸಿಕೊಂಡಿದೆ, ದೊಡ್ಡಪ್ಪ ಲಿಂಗೈಕ್ಯರಾದ ಮೇಲೆ ಅಪ್ಪನವರು ನೀರಿನ ಘಟಕದ ಕಡೆ ಕಾಲಿಟ್ಟಿಲ್ಲ, ಮನೆಯ ಬೋರಿನ ನೀರು ಸವಳೆಂದು ಕುಡಿಯುವುದಿಲ್ಲ, ನೀವು ಕ್ಯಾನು ತುಂಬಿ ತಂದಿಟ್ಟರೂ ಒಂದು ಗುಟುಕಿಗಿಂತ ಹೆಚ್ಚು ಮುಟ್ಟುವುದಿಲ್ಲ ಎಂದು ಬರೆದಿದ್ದೀರಿ. ಅದರ ಜೊತೆಗೆ, ಇಲ್ಲಿ ನನಗೆ ಫುಟ್‌ಬಾಲಿನ ಹುಚ್ಚು ಹಿಡಿದಿದೆಯಂತೆ, ದುಡ್ಡೆಲ್ಲ ಅದಕ್ಕೇ ಹೋಗುತ್ತಿದೆಯೇ ಎಂದೂ ಕೇಳಿದ್ದೀರಿ. ಎರಡಕ್ಕೂ ಒಂದೇ ಪತ್ರದಲ್ಲಿ ಉತ್ತರ ಬರೆಯುತ್ತೇನೆ, ಏಕೆಂದರೆ ಅಪ್ಪನವರ ವಿಷಯದಲ್ಲಿ ನಾನು ಹೇಳಬೇಕೆಂದಿರುವುದನ್ನು ಈ ಊರಿನ ಫುಟ್‌ಬಾಲ್ ಜನರಿಂದಲೇ ಕಲಿತಿದ್ದೇನೆ.

ಮೊದಲು ಹರಳಿನ ಮಾತು. ನೀವು ಫೋನಿನಲ್ಲಿ ಕಳಿಸಿದ ಸ್ಕ್ಯಾನಿಂಗ್ ವರದಿಯನ್ನು ನೋಡಿದೆ. ಎಡಗಡೆಯ ಹರಳು 5 ಮಿಲಿಮೀಟರಿನದು. ಇಷ್ಟು ಸಣ್ಣ ಹರಳುಗಳು ಬಹುಪಾಲು ತಾವಾಗಿಯೇ ಮೂತ್ರದಲ್ಲಿ ಹೋಗುತ್ತವೆ, ಆದ್ದರಿಂದ ಆಪರೇಷನ್ ಎಂದು ಯಾರಾದರೂ ಹೆದರಿಸಿದರೆ ಅವ್ವ ಗಾಬರಿಯಾಗದಿರಲಿ. ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಲೆಕ್ಕ ಸರಿಯಾಗಿದೆ, ಮೂತ್ರಪಿಂಡಕ್ಕೆ ಬಾವು ಬಂದಿಲ್ಲ. ಹೀಗಿರುವಾಗ ಅವರಿಗೆ ಬೇಕಾದ ದೊಡ್ಡ ಔಷಧವೆಂದರೆ ನೀರೇ. ದಿನಕ್ಕೆ ಎರಡರಿಂದ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ಕುಡಿಯಬೇಕು, ಅದರ ಬಣ್ಣ ತಿಳಿಯಾಗಿರಬೇಕು. ನಿಂಬೆಹಣ್ಣಿನ ರಸ ಹಿಂಡಿದ ನೀರು ಒಳ್ಳೆಯದು, ಸಕ್ಕರೆ ಮತ್ತು ಉಪ್ಪು ಬೇಡ. ಹಾಲು ಮೊಸರು ಬಿಟ್ಟಿದ್ದಾರೆಂದು ಬರೆದಿದ್ದೀರಿ, ಅದನ್ನು ಬಿಡಬಾರದು. ಊಟದ ಜೊತೆಗಿನ ಮೊಸರಿನಿಂದ ಹರಳು ಬೆಳೆಯುವುದಿಲ್ಲ. ಕಡಿಮೆ ಮಾಡಬೇಕಾದದ್ದು ಉಪ್ಪಿನಕಾಯಿ, ಹಪ್ಪಳ ಮತ್ತು ರೊಟ್ಟಿಯ ಮೇಲೆ ಅವರು ಸುರಿದುಕೊಳ್ಳುವ ಶೇಂಗಾ ಹಿಂಡಿಯ ಉಪ್ಪು. ನಮ್ಮ ಕಡೆ ಎಲ್ಲರೂ ಬೋರಿನ ನೀರನ್ನೇ ದೂರುತ್ತಾರೆ. ಆ ನೀರು ಪಾತ್ರೆಗೆ ಬಿಳಿ ಸುಣ್ಣ ಕಟ್ಟುವುದು ನಿಜ, ಆದರೆ ಬೀದರಿನ ಬಿಸಿಲಿನಲ್ಲಿ ನೀರು ಕುಡಿಯದೆ ಇರುವುದು ಅದಕ್ಕಿಂತ ಹೆಚ್ಚು ಕೆಟ್ಟದ್ದು. ನೋವಿನ ಜೊತೆ ಚಳಿಜ್ವರ ಬಂದರೆ, ಇಲ್ಲವೇ ಮೂತ್ರ ಕಟ್ಟಿಕೊಂಡರೆ ಮಾತ್ರ ಬೆಳಗಾಗುವವರೆಗೂ ಕಾಯದೆ ಆ ಗಳಿಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆದರೆ ಅಣ್ಣಾ, ಅವರು ನೀರು ಬಿಟ್ಟಿರುವುದು ದೊಡ್ಡಪ್ಪ ಇಲ್ಲವೆಂದು. ನಸುಕಿನಲ್ಲಿ ಇಬ್ಬರೂ ಒಂದೇ ಗಾಡಿಯ ಮೇಲೆ ಎರಡು ಖಾಲಿ ಕ್ಯಾನು ಇಟ್ಟುಕೊಂಡು ಹೋಗುತ್ತಿದ್ದರು; ನಾಣ್ಯ ಹಾಕುವುದು ಯಾವಾಗಲೂ ದೊಡ್ಡಪ್ಪ, ಕ್ಯಾನು ಹಿಡಿಯುವುದು ಯಾವಾಗಲೂ ಅಪ್ಪನವರು. ತುಂಬಿದ ಕ್ಯಾನುಗಳನ್ನು ಪಕ್ಕಕ್ಕಿಟ್ಟು ಬೇವಿನ ಕಟ್ಟೆಯ ಮೇಲೆ ಕುಳಿತರೆಂದರೆ ಹೊಲದ ತೊಗರಿಯಿಂದ ಹಿಡಿದು ಕಾರಂಜಾ ಅಣೆಕಟ್ಟಿನ ಸಂತ್ರಸ್ತರ ಪರಿಹಾರದವರೆಗೆ ಮಾತು ಮುಗಿಯದೆ ನೀರು ಮನೆಗೆ ಬರುತ್ತಿರಲಿಲ್ಲ. ಅವ್ವ ಒಲೆ ಹಚ್ಚಿ ಬೈಯುತ್ತ ಕಾಯುತ್ತಿದ್ದಳು. ನೀವು ಈಗ ಒಳ್ಳೆಯ ಮನಸ್ಸಿನಿಂದಲೇ ಕ್ಯಾನನ್ನು ಮನೆಯ ಬಾಗಿಲಿಗೆ ತಂದಿಡುತ್ತಿದ್ದೀರಿ, ಆದರೆ ಅವರಿಗೆ ಆ ಕಟ್ಟೆಯೂ ಇಲ್ಲವಾದ ಹಾಗಾಗಿದೆ.

ಇನ್ನು ಫುಟ್‌ಬಾಲಿನ ಮಾತು. ದುಡ್ಡು ಹೋಗುತ್ತಿಲ್ಲ, ಆ ಚಿಂತೆ ಬಿಡಿ. ಆನ್‌ಫೀಲ್ಡ್ ಕ್ರೀಡಾಂಗಣದ ಟಿಕೆಟ್ಟು ಇಲ್ಲಿಯವರಿಗೇ ಸುಲಭವಾಗಿ ಸಿಗುವುದಿಲ್ಲ, ನನಗೆಲ್ಲಿ ಸಿಗಬೇಕು. ನಾನು ಹೋಗುವುದು ಹೊರಗಿನ ವ್ಯಾನಿನ ಬಳಿಗೆ. ಈ ಊರಿನಲ್ಲಿ ಲಿವರ್‌ಪೂಲ್ ತಂಡದವರು ಕೆಂಪು, ಎವರ್ಟನ್ ತಂಡದವರು ನೀಲಿ. ಮೊದಲು ಆನ್‌ಫೀಲ್ಡಿನಲ್ಲಿ ಆಡುತ್ತಿದ್ದವರು ಎವರ್ಟನ್‌ನವರೇ. ಜಾಗದ ಯಜಮಾನನ ಜೊತೆ ಬಾಡಿಗೆಯ ಜಗಳವಾಗಿ ಅವರು 1892ರಲ್ಲಿ ಸ್ಟ್ಯಾನ್ಲಿ ಉದ್ಯಾನದ ಆಚೆ ಗುಡಿಸನ್ ಪಾರ್ಕ್ ಮೈದಾನಕ್ಕೆ ಹೋದರು, ಖಾಲಿಯಾದ ಮೈದಾನಕ್ಕಾಗಿ ಲಿವರ್‌ಪೂಲ್ ತಂಡ ಹುಟ್ಟಿತು. ಈ ವರ್ಷ ನೀಲಿಯವರು ನದಿಯ ದಂಡೆಯ ಹಡಗುಕಟ್ಟೆಯಲ್ಲಿ ಹೊಸ ಕ್ರೀಡಾಂಗಣ ಕಟ್ಟಿಕೊಂಡು ಹೋಗಿದ್ದಾರೆ. ಒಂದೇ ಮನೆಯಲ್ಲಿ ಗಂಡ ಕೆಂಪು, ಹೆಂಡತಿ ನೀಲಿ ಇರುವುದು ಇಲ್ಲಿ ಸಾಮಾನ್ಯ. 2015ರಲ್ಲಿ ಎರಡೂ ಕಡೆಯ ಅಭಿಮಾನಿಗಳು ಸೇರಿ, ಹೊಟ್ಟೆಗಿಲ್ಲದವರಿಗೆ ದಿನಸಿ ಕೂಡಿಸುವ ಕೆಲಸ ಆರಂಭಿಸಿದರು. ಪಂದ್ಯಕ್ಕೆ ಬರುವವರು ಡಬ್ಬಿ, ಪಾಸ್ತಾ, ಮಕ್ಕಳ ಹಾಲಿನ ಪುಡಿ ತಂದು ವ್ಯಾನಿಗೆ ಹಾಕಿ ಒಳಗೆ ಹೋಗುತ್ತಾರೆ. ರಜೆ ಇದ್ದ ದಿನ ನಾನು ಅಲ್ಲಿ ನಿಂತು ಬೇರ್ಪಡಿಸುತ್ತೇನೆ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಎಲ್ಲರಿಗೂ ಊಟ ಹಾಕುವ ಲಂಗರಿನಲ್ಲಿ ಬಡಿಸುತ್ತ ಬೆಳೆದ ನನಗೆ ಈ ಕೆಲಸವನ್ನು ಯಾರೂ ಕಲಿಸಬೇಕಾಗಲಿಲ್ಲ ಎಂದು ಅವರಿಗೂ ಹೇಳಿದ್ದೇನೆ.

ಅಲ್ಲಿ ನಿಂತವರು ಆಟದ ಮಾತು ಆಡುವುದು ಸ್ವಲ್ಪ. ಹಲ್ಲಿನ ಡಾಕ್ಟರ ಪಾಳಿ, ಮಗಳ ಮದುವೆಯ ಖರ್ಚು, ಗ್ಯಾಸಿನ ಬಿಲ್ಲು, ಮೊಣಕಾಲಿನ ಆಪರೇಷನ್, ಹೀಗೆ ಸಂಸಾರದ ಎಲ್ಲವೂ ಬರುತ್ತದೆ. ಒಂದು ದಿನ ನಮ್ಮ ಓಣಿಯ ನಲ್ಲಿಗಳಲ್ಲಿ ಕಂದು ನೀರು ಬಂತು. ಪಕ್ಕದ ಮನೆಯ ಅಜ್ಜ ಗಾಜಿನ ಲೋಟದಲ್ಲಿ ಆ ನೀರು ಹಿಡಿದುಕೊಂಡು ಹೊರಗೆ ಬಂದರು, ಎದುರಿನವರೂ ಬಂದರು. ಕೊಳವೆಯ ದುರಸ್ತಿಯಾದಾಗ ಹೀಗಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಿಳಿಯಾಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು, ಹಾಗೆಯೇ ಆಯಿತು. ಇಲ್ಲಿ ನಲ್ಲಿಯ ನೀರನ್ನು ಹಾಗೆಯೇ ಕುಡಿಯುತ್ತಾರೆ. ಬಹಳ ಮೆದು ನೀರು, ಸಾಬೂನು ಬೇಗ ನೊರೆಯಾಗುತ್ತದೆ, ತೊಗರಿಬೇಳೆ ಹೇಳುವುದರೊಳಗೆ ಬೇಯುತ್ತದೆ. ಇದರ ದೊಡ್ಡ ಪಾಲು ವೇಲ್ಸ್ ಸೀಮೆಯ ಗುಡ್ಡಗಳಿಂದ, 1880ರ ದಶಕದಲ್ಲಿ ಕಟ್ಟಿದ ವರ್ನ್‌ವಿ ಕೆರೆಯಿಂದ, ನೂರು ಕಿಲೋಮೀಟರಿಗೂ ದೂರದಿಂದ ಬರುತ್ತದೆ. ಆ ಕೆರೆಯ ತಳದಲ್ಲಿ ಒಂದು ಹಳ್ಳಿಯಿದೆ. ಮುಂದೆ 1965ರಲ್ಲಿ ಈ ಊರಿನ ನೀರಿಗಾಗಿಯೇ ಟ್ರಿವೆರಿನ್ ಕಣಿವೆಯಲ್ಲಿ ಕ್ಯಾಪೆಲ್ ಕೆಲಿನ್ ಎಂಬ ಇನ್ನೊಂದು ಹಳ್ಳಿಯನ್ನು ಶಾಲೆ, ಚರ್ಚು, ಹೊಲ ಸಮೇತ ಮುಳುಗಿಸಿದರು, 2005ರಲ್ಲಿ ಲಿವರ್‌ಪೂಲ್ ನಗರಸಭೆ ಅದಕ್ಕೆ ಕ್ಷಮೆ ಕೇಳಿತು. ಇದನ್ನು ನನಗೆ ಹೇಳಿದವರು ಆ ಅಜ್ಜನೇ. ನಾನು ಅವರಿಗೆ ಕಾರಂಜಾ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡವರ ಧರಣಿಯ ಸುದ್ದಿ ಹೇಳಿದೆ. ನಮ್ಮ ನೌಬಾದಿನ ಸುರಂಗಬಾವಿಯ ಫೋಟೋ ತೋರಿಸಿ, ಬಹಮನಿ ಸುಲ್ತಾನರ ಕಾಲದಲ್ಲಿಯೇ ನೆಲದೊಳಗೆ ಕಾಲುವೆ ಕೊರೆದು, ಯಾವ ಯಂತ್ರವೂ ಇಲ್ಲದೆ, ಬರೀ ಇಳಿಜಾರಿನ ಲೆಕ್ಕದಲ್ಲಿ ನೀರು ಹರಿಸಿದ ಊರು ನಮ್ಮದು ಎಂದೆ. ಗುರುನಾನಕರು ಕಲ್ಲು ಸರಿಸಿದಾಗ ಸವಳು ನೆಲದಲ್ಲಿ ಸಿಹಿನೀರು ಚಿಮ್ಮಿತೆಂಬ ಝೀರಾದ ಕಥೆಯನ್ನೂ ಹೇಳಿದೆ. ಅವರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು.

ಆ ಅಜ್ಜನ ವಿಷಯವನ್ನು ಅಪ್ಪನವರಿಗೆ ಓದಿ ಹೇಳಿ. ಅವರು ಬಸ್ ಚಾಲಕರಾಗಿ ನಿವೃತ್ತರಾದವರು. ಅವರೂ ಅವರ ಅಣ್ಣನೂ ಚಿಕ್ಕಂದಿನಿಂದ ಆನ್‌ಫೀಲ್ಡಿನಲ್ಲಿ ಅಕ್ಕಪಕ್ಕ ಕುಳಿತು ಆಟ ನೋಡಿದವರು. ಕಳೆದ ಚಳಿಗಾಲದಲ್ಲಿ ಅಣ್ಣ ತೀರಿಕೊಂಡರು. ಅಜ್ಜ ಬಾಗಿಲು ಹಾಕಿಕೊಂಡು ಒಳಗೆ ಉಳಿದರು. ಮುಂದಿನ ಪಂದ್ಯಕ್ಕೆ ಹೋಗಲಿಲ್ಲ, ಅದರ ಮುಂದಿನದಕ್ಕೂ ಹೋಗಲಿಲ್ಲ. ಆಗ ಅವರ ಸಾಲಿನಲ್ಲಿ ಕೂಡುವ ನಾಲ್ಕಾರು ಜನ ಅವರ ಮನೆ ಹುಡುಕಿಕೊಂಡು ಬಂದರು. ಅಷ್ಟು ವರ್ಷ ಹೆಗಲಿಗೆ ಹೆಗಲು ಹಚ್ಚಿ ಕುಳಿತಿದ್ದರೂ ಅವರಿಗೆ ಈ ಮನೆಯ ವಿಳಾಸ ಗೊತ್ತಿರಲಿಲ್ಲ, ನನ್ನ ಬಾಗಿಲು ಬಡಿದು ಕೇಳಿದರು. ನಾನೂ ಅವರ ಹಿಂದೆ ಒಳಗೆ ಹೋದೆ. ಅಡುಗೆಮನೆಯ ನಲ್ಲಿ ಟಪ್ ಟಪ್ ಎಂದು ಸೋರುತ್ತಿತ್ತು, ಕೆಳಗೆ ಒಂದು ಪಾತ್ರೆ ಇಟ್ಟಿದ್ದರು; ಮನೆಯ ರಿಪೇರಿ ಕೆಲಸವೆಲ್ಲ ಅಣ್ಣನದಾಗಿತ್ತಂತೆ. ಬಂದವರಲ್ಲಿ ಒಬ್ಬನ ಮೈದುನ ಜೊತೆಗಿದ್ದ, ಅವನು ನೀಲಿ ತಂಡದವನು, ಕೊಳವೆ ಕೆಲಸದವನು. ಅವನು ಏನೂ ಮಾತಾಡದೆ ಕೆಳಗಿನ ವಾಲ್ವು ಬಂದ್ ಮಾಡಿ, ನಲ್ಲಿ ಬಿಚ್ಚಿ, ಸವೆದ ವಾಶರ್ ತೆಗೆದು ಹೊಸದು ಕೂಡಿಸಿ, ನೀರು ಬಿಟ್ಟು ನೋಡಿ, ಒಂದು ಲೋಟ ತುಂಬಿ ಅಜ್ಜನ ಕೈಗೆ ಕೊಟ್ಟ. ಅಜ್ಜ ಪೂರ್ತಿ ಕುಡಿದರು. ಆ ಮೇಲೆ ಅವರು ಅಳತೊಡಗಿದರು. ಉಳಿದವರು ಅಲ್ಲಿಯೇ ನಿಂತರು, ಸಮಾಧಾನದ ಮಾತು ಒಂದನ್ನೂ ಹೇಳಲಿಲ್ಲ, ಶನಿವಾರ ಎಷ್ಟು ಗಂಟೆಗೆ ಬರಬೇಕೆಂದು ಮಾತ್ರ ಕೇಳಿದರು. ಆ ಶನಿವಾರ ಅವರನ್ನು ನಡುವೆ ಇಟ್ಟುಕೊಂಡು ನಡೆಸಿಕೊಂಡೇ ಹೋದರು. ಅವರ ಅಣ್ಣನಿಗೆ ಎಪ್ಪತ್ತೊಂದು ವರ್ಷವಾಗಿತ್ತು. ಪಂದ್ಯದ 71ನೇ ನಿಮಿಷಕ್ಕೆ ಆ ಭಾಗದ ಜನ ಎದ್ದು ನಿಂತು ಒಂದು ನಿಮಿಷ ಚಪ್ಪಾಳೆ ತಟ್ಟಿದರೆಂದು ಅಜ್ಜನೇ ನನಗೆ ಹೇಳಿದರು. ಸತ್ತವರ ವಯಸ್ಸಿನ ನಿಮಿಷಕ್ಕೆ ಹೀಗೆ ಚಪ್ಪಾಳೆ ತಟ್ಟುವುದು ಇಲ್ಲಿಯ ಪದ್ಧತಿ.

ದುಃಖವನ್ನು ಒಟ್ಟಿಗೆ ಹೊರುವುದು ಈ ಊರಿನವರಿಗೆ ಸುಮ್ಮನೆ ಬಂದುದಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಪಂದ್ಯದ ದಿನ, ಪೊಲೀಸರು ಜನರನ್ನು ನಿಭಾಯಿಸುವಲ್ಲಿ ತಪ್ಪಿ, ಬೇಲಿ ಹಾಕಿದ ಜಾಗಕ್ಕೆ ಜನ ನುಗ್ಗಿ ನುಗ್ಗಿ, ಒಟ್ಟು 97 ಜನ ಅಭಿಮಾನಿಗಳು ನಲುಗಿ ಸತ್ತರು. ಅವರಲ್ಲಿ ಕೊನೆಯವರು ಅಂದಿನ ಗಾಯದಿಂದಲೇ 2021ರಲ್ಲಿ ತೀರಿಕೊಂಡರು. ತಪ್ಪು ಅಭಿಮಾನಿಗಳದೆಂದು ಸುಳ್ಳು ಹಬ್ಬಿಸಿದರು. ಸತ್ತವರ ತಂದೆತಾಯಿಗಳು, ಒಡಹುಟ್ಟಿದವರು ಇಪ್ಪತ್ತೇಳು ವರ್ಷ ಬಿಡದೆ ಹೋರಾಡಿದ ಮೇಲೆ, 2016ರಲ್ಲಿ ಜ್ಯೂರಿಯು ಇವು ಕಾನೂನುಬಾಹಿರ ಸಾವುಗಳು, ಅಭಿಮಾನಿಗಳ ತಪ್ಪೇನೂ ಇಲ್ಲ ಎಂದು ತೀರ್ಪು ಕೊಟ್ಟಿತು. ದುರಂತವಾದ ಮುಂದಿನ ವಾರ ಕೆಂಪು ನೀಲಿ ಮಫ್ಲರುಗಳನ್ನು ಗಂಟು ಹಾಕುತ್ತ ಗುಡಿಸನ್ನಿನಿಂದ ಆನ್‌ಫೀಲ್ಡಿನವರೆಗೆ ಉದ್ಯಾನದ ಉದ್ದಕ್ಕೂ ಕಟ್ಟಿದ್ದರಂತೆ. ಈ ವರ್ಷದ ಜುಲೈ 3ರಂದು ಲಿವರ್‌ಪೂಲ್ ತಂಡದ ಆಟಗಾರ ಡಿಯೊಗೊ ಜೋಟಾ ತಮ್ಮನ ಸಮೇತ ಸ್ಪೇನಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ನಾನೂ ಹೂವು ಇಡಲು ಹೋಗಿದ್ದೆ. ಅವನ 20ನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ. ಅಣ್ಣತಮ್ಮ ಇಬ್ಬರನ್ನೂ ಒಂದೇ ದಿನ ಕಳೆದುಕೊಂಡ ಆ ತಾಯಿಯನ್ನು ನೆನೆದು ಅಂದು ನನಗೆ ನಿಲ್ಲಲಾಗಲಿಲ್ಲ.

ದೊಡ್ಡಪ್ಪನ ಮಣ್ಣಿಗೂ ಶಿವಗಣಾರಾಧನೆಗೂ ನನಗೆ ಬರಲಾಗಲಿಲ್ಲವೆಂದು ಅಪ್ಪನವರಿಗೆ ಬೇಸರವಿದ್ದರೆ, ನಾನು ಇಲ್ಲಿ ಒಬ್ಬಳೇ ಕುಳಿತು ಅಳಲಿಲ್ಲ ಎಂದು ಹೇಳಿ. ಸುದ್ದಿ ಕೇಳಿದ ಸಂಜೆ ಆ ಅಜ್ಜನೇ ನನ್ನ ಮನೆಗೆ ಬಂದು, ನಾನು ಮಾಂಸ ತಿನ್ನುವುದಿಲ್ಲವೆಂದು ಬರೀ ಆಲೂಗಡ್ಡೆ ಗಜ್ಜರಿಯ ಸಾರು ಮಾಡಿಸಿ ತಂದು, ದೊಡ್ಡಪ್ಪನ ಹೆಸರು ಕೇಳಿಕೊಂಡು ಹೋದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ದಯವಿಟ್ಟು ನಾಳೆಯಿಂದ ಕ್ಯಾನನ್ನು ಮನೆಗೆ ತಂದಿಡಬೇಡಿ. ಹಿಂದಿನ ಓಣಿಯ ಪೋಸ್ಟ್‌ ಮಾಸ್ತರ ಕಾಕಾ, ಗಿರಣಿ ಮಾವ, ಆ ಕಟ್ಟೆಯ ಮೇಲೆ ಕೂಡುತ್ತಿದ್ದ ಉಳಿದವರು, ಇವರೆಲ್ಲರ ಮನೆಗೆ ನೀವೇ ಹೋಗಿ, ನಸುಕಿನಲ್ಲಿ ನಮ್ಮ ಬಾಗಿಲಿಗೆ ಬಂದು ಅಪ್ಪನವರನ್ನು ಕೂಗಿ ಕರೆಯಿರಿ ಎಂದು ಕೇಳಿಕೊಳ್ಳಿ. ನೀವು ಕರೆದರೆ ಅವರು ಬರಲಿಕ್ಕಿಲ್ಲ; ಗೆಳೆಯರು ಅಂಗಳದಲ್ಲಿ ನಿಂತರೆ ಅವರಿಗೆ ಇಲ್ಲವೆನ್ನಲು ಆಗುವುದಿಲ್ಲ. ದೊಡ್ಡಪ್ಪನ ಹಿರಿಯ ಮಗನಿಗೂ ಫೋನು ಮಾಡಿದ್ದೇನೆ, ನಾಣ್ಯ ಹಾಕುವ ಕೆಲಸ ಇನ್ನು ಅವನದು. ಕಟ್ಟೆಯ ಮೇಲೆ ಕುಳಿತಾಗಲೇ ಎರಡು ಲೋಟ ಕುಡಿಸಬೇಕೆಂದು ಕಾಕಾ ಅವರಿಗೆ ತಿಳಿಸಿ. ದೊಡ್ಡಪ್ಪನ ಮಾತು ಬಂದರೆ ಬರಲಿ, ಯಾರೂ ಮಾತು ತಿರುಗಿಸಬಾರದು. ಥಂಡಿ ಹೆಚ್ಚಾಗಿದ್ದರೆ ಕಿವಿಗೆ ಕಟ್ಟಿಕೊಂಡು ಹೋಗಲಿ.

ಮುಂದಿನ ಸ್ಕ್ಯಾನಿಂಗಿಗೆ ಮತ್ತು ಔಷಧಿಗೆ ದುಡ್ಡನ್ನು ವೈನಿಯವರ ಖಾತೆಗೆ ಹಾಕಿದ್ದೇನೆ, ತಲುಪಿದ ಕೂಡಲೇ ತಿಳಿಸಿ. ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ಒಂದಿಷ್ಟೂ ಇಲ್ಲ. ಕೋಣೆ ಬೆಚ್ಚಗಿದೆ, ಜೋಳದ ಹಿಟ್ಟು ಸಿಗುತ್ತದೆ, ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಜೊತೆಗೆ ಇಬ್ಬರು ಇರುತ್ತಾರೆ, ಮೈ ಚೆನ್ನಾಗಿದೆ, ನಾನು ಇಳಿದುಹೋಗಿದ್ದೇನೆಂದು ಅವ್ವ ಫೋಟೋ ನೋಡಿ ಹೇಳುವುದೆಲ್ಲ ಸುಳ್ಳು. ಮಾರ್ಚಿನಲ್ಲಿ ರಜೆ ಮಂಜೂರಾಗಿದೆ, ಖಂಡಿತ ಬರುತ್ತೇನೆ. ಅಷ್ಟರೊಳಗೆ ಹರಳು ಹೋಗಿಯೇ ಹೋಗುತ್ತದೆ, ನೀವು ಚಿಂತೆ ಮಾಡಬೇಡಿ, ಅವ್ವನಿಗೂ ಮಾಡಲು ಬಿಡಬೇಡಿ.

ಡ್ಯೂಟಿಗೆ ಹೊತ್ತಾಯಿತು, ಬಸ್ಸು ಬರುವ ವೇಳೆ. ಹಿರಿಯರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಅಪ್ಪನವರು ಕಟ್ಟೆಗೆ ಹೋದ ದಿನ ರಾತ್ರಿಯಾಗಿದ್ದರೂ ಸರಿ, ಒಂದು ಫೋನು ಮಾಡಿ.

ಇಂತಿ ನಿಮ್ಮ ಪ್ರೀತಿಯ ತಂಗಿ