ಒಂದೇ ಬಾಣದ ಬಿಲ್ಲು

ಪ್ರೀತಿಯ ಗೆಳೆಯಾ,

ದೀಪಾವಳಿಗೆ ಬಂದವನು ಹೊರಡುವ ಗಡಿಬಿಡಿಯಲ್ಲಿ ನಿನ್ನ ಬೇಟೆಯ ಕಾಂಪೌಂಡ್ ಬಿಲ್ಲಿನ ಆ ಕಪ್ಪು ಪೆಟ್ಟಿಗೆಯನ್ನು ನಮ್ಮನೆ ಜಗಲಿಯಲ್ಲಿಟ್ಟು, "ನೀವೆಲ್ಲ ಹೊಡೆದು ನೋಡಿ, ಹೇಗಿದೆ ಅಂತ ಬರಿ" ಅಂದು ಹೋದೆಯಲ್ಲ. ಮೂರು ಭಾನುವಾರ ಹೊಡೆದೆವು. ಇವತ್ತು ಬರೆಯುತ್ತಿದ್ದೇನೆ. ಕೊಂಚ ಬೈಗುಳವೂ ಇದೆ, ತಯಾರಿರು.

ಕೊನೆ ಕೊಯ್ಲಿನ ಹೊತ್ತು, ಅಂಗಳದ ತುಂಬ ಅಡಿಕೆ. ಹಾಗಾಗಿ ಕೊಟ್ಟಿಗೆ ಹಿಂದಿನ ಧರೆಗೆ ಹುಲ್ಲಿನ ಪಿಂಡಿ ಒರಗಿಸಿ, ಇಪ್ಪತ್ತು ಮೀಟರ್ ಅಳೆದು ನಿಂತೆವು. ನಾನು, ಭಾವ, ಅಣ್ಣನ ಮಗಳು, ಜೊತೆಗೆ ಶಿರಸಿ ಪೇಟೆಯಿಂದ ಬರುವ ಕಾಲೇಜಿನ ಇಬ್ಬರು ಹುಡುಗರು. ಮೊದಲ ಬಾಣ ಭಾವನದ್ದು. ಹುಲ್ಲು ಅಲುಗಲಿಲ್ಲ, ಬಾಣವೂ ಕಾಣಲಿಲ್ಲ. "ತೋಟಕ್ಕೆ ಹೋಯ್ತು" ಅಂತ ಹುಡುಗರು ನಕ್ಕರು. ಹತ್ತಿರ ಹೋಗಿ ನೋಡಿದರೆ ಪಿಂಡಿ ದಾಟಿ ಧರೆಯೊಳಗೆ ಗರಿಯವರೆಗೂ ಹೂತು ಕೂತಿದೆ. ಕೀಳಲಿಕ್ಕೆ ಹಾರೆ ತರಬೇಕಾಯಿತು ಮಾರಾಯ! ಆಮೇಲೆ ಪಿಂಡಿ ಎರಡು ಸಾಲು ಮಾಡಿದೆವು.

ನೀನು ರಾಟೆಯಿಲ್ಲದ, ತುದಿ ಬಾಗಿದ ರಿಕರ್ವ್ ಬಿಲ್ಲು ಹೊಡೆದು ಬೆಳೆದವನು. ಅದರಲ್ಲಿ ಎಳೆದಷ್ಟೂ ಭಾರ ಏರುತ್ತದೆ, ಕೊನೆಯಲ್ಲಿ ಕೈ ನಡುಗುವ ಹೊತ್ತಿಗೇ ಗುರಿ ಹಿಡಿಯಬೇಕು. ಇದು ತಿರುಗಾ ಮುರುಗಾ. ನಡುವೆ ಒಮ್ಮೆ ಪೂರ್ತಿ ಭಾರ ಮೈಮೇಲೆ ಬರುತ್ತದೆ, ಆಮೇಲೆ ಬಾವಿಯಿಂದ ಸೇದಿದ ಕೊಡಪಾನ ಕಟ್ಟೆ ಮೇಲೆ ಕೂತ ಹಾಗೆ ಭಾರವೇ ಮಾಯ. ಎರಡು ತುದಿಯ ಚಕ್ರ, ಅಂದರೆ ಕ್ಯಾಮ್, ಬಾವಿ ರಾಟೆಯ ಹಾಗೆ ದುಂಡಗಿಲ್ಲ, ಓರೆಯಾಗಿದೆಯಲ್ಲ, ಅದರದ್ದೇ ಕರಾಮತ್ತು. ನಿನ್ನ ಬಿಲ್ಲಿನ ಲೆಟ್-ಆಫ್ 85 ಪರ್ಸೆಂಟ್. ಅಂದರೆ 70 ಪೌಂಡ್ ಎಳೆದು ತಂದರೂ ಹಿಡಿದು ನಿಲ್ಲಲಿಕ್ಕೆ ಹತ್ತು ಹತ್ತೂವರೆ ಪೌಂಡ್ ಸಾಕು. ಇಂಥ ಬಿಲ್ಲನ್ನು ಮೊದಲು ಮಾಡಿದ ಅಮೆರಿಕದ ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಅನ್ನುವವನು ರಿಕರ್ವ್ ಬಿಲ್ಲಿನ ತುದಿ ಗರಗಸದಲ್ಲಿ ಕೊಯ್ದು ರಾಟೆ ಕಟ್ಟಿ ನೋಡಿದನಂತೆ. 1969ರಲ್ಲಿ ಪೇಟೆಂಟ್ ಸಿಕ್ಕಿತು. ಚೆನ್ನಾಗಿದ್ದ ಬಿಲ್ಲನ್ನು ಕೊಯ್ಯುವಾಗ ಮನೆಯವರು ಏನು ಅಂದಿರಬಹುದು ಅಂತ ನನಗೆ ಯಾವಾಗಲೂ ಕುತೂಹಲ.

ಎಲ್ಲರೂ ಮೊದಲು ಮೆಚ್ಚಿದ್ದು ಅದರ ಸದ್ದನ್ನು. ಸದ್ದು ಇಲ್ಲದ್ದನ್ನು ಅನ್ನಬೇಕು. ನನ್ನ ಹಳೇ ಬಿಲ್ಲು ಠಣ್ ಅಂದರೆ ಕೊಟ್ಟಿಗೆಯಲ್ಲಿ ದನ ತಲೆ ಎತ್ತುತ್ತದೆ. ಇದು ಹೊಡೆದಾಗ ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ಬಾಣ ಬಿಟ್ಟ ಮೇಲೆ ಹಿಡಿಯಲ್ಲಿ ನಡುಕವೂ ಇಲ್ಲ. ಬಿಲ್ಲಿನ ಬಾಗುವ ತೋಳುಗಳಾದ ಎರಡು ಜೊತೆ ಪಟ್ಟಿಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮಾನಾಂತರವಾಗಿ ಮಲಗಿವೆ, ಬಿಟ್ಟಾಗ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಹಾರಿ ಧಕ್ಕೆಯನ್ನು ತಾವೇ ತಿಂದುಹಾಕುತ್ತವೆ.

ಬೇಟೆಯವರಿಗೆ ಈ ಮೌನ ಯಾಕೆ ಬೇಕು ಅಂತ ರಾತ್ರಿ ಮಲಗಿ ಲೆಕ್ಕ ಹಾಕಿದೆ. ಬಾಣ ಸೆಕೆಂಡಿಗೆ 300 ಅಡಿ ಹೋದರೂ ಇಪ್ಪತ್ತು ಮೀಟರ್ ದಾಟಲಿಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಹೆದೆಯ ಸದ್ದು ಅದರ ಕಾಲು ಭಾಗ ಹೊತ್ತಿನಲ್ಲೇ ಮುಟ್ಟಿಬಿಡುತ್ತದೆ. ಜಿಂಕೆ ಸದ್ದು ಕೇಳಿ ಓಡಲಿಕ್ಕೆ ಮೈ ಕುಗ್ಗಿಸಿದರೆ ಬಾಣ ಬೆನ್ನಿನ ಮೇಲಿಂದ ಹೋಯಿತು. ನಮ್ಮ ಬೆಟ್ಟದ ಕಾಡುಕುರಿ ತರಗೆಲೆ ಸದ್ದಿಗೇ ಮಾಯವಾಗುವುದನ್ನು ನೋಡಿದ್ದೀಯಲ್ಲ, ಹಾಗೆ. ಪೆಟ್ಟಿಗೆ ಮೇಲೆ ಬರೆದ 340 ಅಡಿಯನ್ನು ಮಾತ್ರ ನಂಬಬೇಡ. ಅದು 70 ಪೌಂಡ್, 30 ಇಂಚು ಎಳೆತ (ಹೆದೆ ಹಿಂದಕ್ಕೆ ಬರುವ ಉದ್ದ), 350 ಗ್ರೇನ್ ತೂಕದ ಹಗುರ ಬಾಣ ಇಟ್ಟು ತೆಗೆಯುವ ಲೆಕ್ಕ. ಎಳೆತ ಒಂದಿಂಚು ಕಮ್ಮಿಯಾದರೆ ಸುಮಾರು ಹತ್ತಡಿ ಹೋಯಿತು ಅಂತಲೇ ಇಟ್ಟುಕೋ.

ಈಗ ಬೈಗುಳ. ಮೊದಲ ಭಾನುವಾರ ಐವರೂ ಬಿಲ್ಲನ್ನು ಬೈದೆವು. ಹೆದೆ ಮುಂಗೈಗೆ ಬಡಿಯಿತು, ಹೆದೆಯಲ್ಲಿ ಕೂರಿಸಿದ ಗುರಿ ನೋಡುವ ತೂತು, ಪೀಪ್, ಕಣ್ಣಿಗೆ ಸರಿಯಾಗಿ ಬರಲಿಲ್ಲ, ಭಾವನ ಎಡಗೈ ಕಟ್ಟಿಗೆಯ ಹಾಗೆ ಸೆಟೆದು ನಿಂತಿತು. ಒಬ್ಬ ಹುಡುಗ ಪೂರ್ತಿ ಎಳೆದವನು, ಬೇಡ ಅಂತ ಮೆಲ್ಲಗೆ ಬಿಡಲು ಹೋದ. ಕ್ಯಾಮ್ ಮಗುಚಿ ಭಾರವೆಲ್ಲ ಒಮ್ಮೆಗೇ ವಾಪಸ್ ಬಂದು ಅವನನ್ನು ಎರಡು ಹೆಜ್ಜೆ ಮುಂದಕ್ಕೆ ಎಳೆದೊಯ್ದಿತು. ಹೆದೆ ಹಿಡಿದು ಬಿಡುವ ಕೊಕ್ಕೆಯ, ಅಂದರೆ ರಿಲೀಸ್‌ನ, ಗುಂಡಿಯಿಂದ ಬೆರಳು ದೂರ ಇಟ್ಟಿದ್ದಕ್ಕೆ ಬಚಾವ್. ಅದೂ ಇವನು ಬಾಣವನ್ನೇ ಹೂಡಿರಲಿಲ್ಲ! ಖಾಲಿ ಹೆದೆ ಬಿಟ್ಟಿದ್ದರೆ ಪಟ್ಟಿ ಸೀಳಿ ಹೋಗುತ್ತಿತ್ತು, ನಾನು ನಿನಗೆ ಈ ಪತ್ರದ ಬದಲು ಕ್ಷಮಾಪಣೆ ಬರೆಯಬೇಕಿತ್ತು.

ಆಮೇಲೆ ಅಳೆದು ನೋಡಿದರೆ ಎಳೆತ 30 ಇಂಚಿಗೆ ಕಟ್ಟಿದೆ. ಅಲ್ಲೋ, ನೀನೇನು ತೆಂಗಿನ ಮರವಾ? ಎರಡೂ ಕೈ ಚಾಚಿದ ಅಳತೆಯನ್ನು ಇಂಚಿನಲ್ಲಿ ತೆಗೆದು ಎರಡೂವರೆಯಿಂದ ಭಾಗಿಸು, ಸುಮಾರಾಗಿ ಸರಿ ಬರುತ್ತದೆ. ನನ್ನದು 70 ಇಂಚು, ಹಾಗಾಗಿ 28. ನೀನು ನನ್ನಷ್ಟೇ ಎತ್ತರ. ದೀಪಾವಳಿಯಲ್ಲಿ ಮುಂಗೈ ಮೇಲಿನ ನೀಲಿ ಬಾವು ತೋರಿಸಿ "ಬಿಲ್ಲೇ ಸರಿ ಇಲ್ಲ" ಅಂದೆಯಲ್ಲ, ಕಾರಣ ಇದು. ನಿನಗೆ ಮಾರಿದವನು ಅಳತೆಯನ್ನೇ ತೆಗೆದಿಲ್ಲ, ಪೆಟ್ಟಿಗೆಯಲ್ಲಿ ಹೇಗೆ ಬಂದಿತ್ತೋ ಹಾಗೇ ಕೊಟ್ಟಿದ್ದಾನೆ. ಇದರ ಕ್ಯಾಮ್‌ನಲ್ಲಿ ಒಂದು ಸಣ್ಣ ತುಂಡು ಜಾರಿಸಿದರೆ ಎಳೆತ ಬದಲಾಗುತ್ತದೆ, ಅಲೆನ್ ಕೀ ಒಂದಿದ್ದರೆ ಸಾಕು, ಬಿಲ್ಲನ್ನು ಅದುಮಿ ಹಿಡಿಯುವ ಪ್ರೆಸ್ ಬೇಡ. 28ಕ್ಕೆ ಇಳಿಸಿದೆ, ಬಿಗಿಯನ್ನು 60 ಪೌಂಡಿಗೆ ತಂದೆ. ಎರಡನೇ ಭಾನುವಾರ ಅದು ಬೇರೆಯೇ ಬಿಲ್ಲು. ಭಾವ ಆರು ಬಾಣವನ್ನು ಕೊಬ್ಬರಿ ಬಟ್ಟಲಿನೊಳಗೆ ಹಿಡಿಯುವಷ್ಟು ಒತ್ತಾಗಿ ಹೊಡೆದು, ಸಂಜೆವರೆಗೂ ಅದನ್ನೇ ಹೇಳಿದ.

ಅಣ್ಣನ ಮಗಳು ಮಾತ್ರ ಇಪ್ಪತ್ತು ಬಾಣ ಹೊಡೆದು ಕೆಳಗಿಟ್ಟಳು. "ಚಿಕ್ಕಪ್ಪ, ಇದು ಒಂದೇ ಬಾಣದ ಬಿಲ್ಲು. ನನಗೆ 72 ಹೊಡೆಯೋದು ಇರುತ್ತೆ." ಸ್ಪರ್ಧೆಯಲ್ಲಿ ಕಾಂಪೌಂಡಿನವರು 50 ಮೀಟರ್‌ನಿಂದ 72 ಬಾಣ ಹೊಡೆಯಬೇಕು, ಹತ್ತು ಅಂಕದ ಸುತ್ತಿನ ಅಗಲ ಬರೀ 8 ಸೆಂಟಿಮೀಟರ್. ಈ ಬಿಲ್ಲು ಆಚೆ ತುದಿಯಿಂದ ಈಚೆ ತುದಿಗೆ 30 ಇಂಚು, ಅವಳದು 38. ಗಿಡ್ಡ ಬಿಲ್ಲು ಮರದ ಮೇಲೆ ಅಟ್ಟಣಿಗೆಯಲ್ಲಿ ಕೂರುವವನಿಗೆ ಕೊಂಬೆಗೆ ತಾಗದ ಹಾಗೆ ಅನುಕೂಲ. ಆದರೆ ಮಣಿಕಟ್ಟು ಕೂದಲೆಳೆ ತಿರುಗಿದರೂ ಗುರಿ ಕೆಡುತ್ತದೆ, ಉದ್ದದ್ದು ಅಷ್ಟು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನಾನೂ ಅವಳ ಪಕ್ಷವೇ. 2023ರಲ್ಲಿ ಬರ್ಲಿನ್‌ನಲ್ಲಿ ನಮ್ಮ ದೇಶದ ಅದಿತಿ ಸ್ವಾಮಿ 17ನೇ ವಯಸ್ಸಿಗೆ ಕಾಂಪೌಂಡ್ ವಿಶ್ವ ಚಾಂಪಿಯನ್ ಆದಾಗಿನಿಂದ ಇವಳು ಬೇರೆ ಮಾತೇ ಆಡುವುದಿಲ್ಲ. 2028ಕ್ಕೆ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡ ಬೇರೆ ಬರುತ್ತಿದೆ, ಕೇಳಬೇಕಾ?

ಮೂರನೇ ಭಾನುವಾರ ಆಚೆಮನೆ ಅಜ್ಜ ಕವಳ ಹಾಕುತ್ತಾ ಬಂದು ನಿಂತರು. ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ: "ಇದರಲ್ಲಿ ಮಂಗನಿಗೆ ಹೊಡೆಯಲಿಕ್ಕೆ ಆಗ್ತದಾ?" ಬೇಟೆಗೆ ಅಂತಲೇ ಮಾಡಿದ ಬಿಲ್ಲು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಹುಲ್ಲಿಗೆ ಬಿಟ್ಟು ಬೇರೆ ಯಾವುದಕ್ಕೂ ಹೊಡೆಯುವ ಹಾಗಿಲ್ಲ ಅಂದೆ. ಅಜ್ಜ ಕವಳ ಉಗಿದು, "ಹಾಗಾದ್ರೆ ಕವಣೆಯೇ ಅಡ್ಡಿಲ್ಲ" ಅಂತ ತೋಟಕ್ಕೆ ಇಳಿದರು.

ಬಿಲ್ಲು ಅಟ್ಟದ ಮೇಲೆ ಬೆಚ್ಚಗಿದೆ. ಎಳೆತ 28ರಲ್ಲೇ ಇರಲಿ, ಬಂದಾಗ ನಿನ್ನ ಕೈ ಅಳೆದು ನೋಡೋಣ. ನಿನ್ನ ಬಾಣಗಳಲ್ಲಿ ಒಂದು ಇನ್ನೂ ಧರೆಯೊಳಗೇ ಇದೆ, ತುದಿ ಮುರಿದಿರಬಹುದು. ಬರುವಾಗ ಹೆದೆಗೆ ಹಚ್ಚುವ ಮೇಣ ಎರಡು ಕಡ್ಡಿ ತಾ. ಇಲ್ಲಿನ ಮಳೆಗೆ ಒಂದು ಸಾಲುವುದಿಲ್ಲ.

ನಿನ್ನ ಗೆಳೆಯ,
ಶಿರಸಿಯಿಂದ